ಮೀನು ಉಗುಳಿದ ಕಾಳು

ರಜೆಯ ದಿನ ಮಧ್ಯಾಹ್ನ ಊಟ ಮುಗಿಸಿ ಸ್ವಲ್ಪ ಅಡ್ಡಾಗುತ್ತೇನೆ. ಇಲ್ಲಿ ಗಲ್ಫಿನಲ್ಲಿ, ಕರಾಮದ ನಮ್ಮ ಫ್ಲಾಟಿನ ಹಳೇ ಎಸಿ ಆಗಾಗ ತನ್ನಷ್ಟಕ್ಕೆ ನಿಲ್ಲುತ್ತದೆ, ಆಮೇಲೆ ತಾನಾಗಿಯೇ ಹೊರಡುತ್ತದೆ. ಅದು ನಿಂತ ಕೂಡಲೇ ನಾನು ಎದ್ದು ಕೂತಿರುತ್ತೇನೆ. ಕಣ್ಣು ಪೂರ್ತಿ ಬಿಟ್ಟಿರುವುದಿಲ್ಲ, ಕಾಲು ಮಾತ್ರ ಚಪ್ಪಲಿ ಹುಡುಕುತ್ತಿರುತ್ತದೆ.

"ಇಲ್ಲಿ ಮೀನು ಇಲ್ಲ ಮಾರಾಯ್ತಿ, ಮಲಗು," ಎನ್ನುತ್ತಾರೆ ಯಜಮಾನರು.

ಮಗಳಿಗೆ ನನ್ನ ಈ ಗಾಬರಿ ಚಿಕ್ಕಂದಿನಿಂದ ಗೊತ್ತು. "ಅಮ್ಮಾ, ಇಟ್ಸ್ ಓನ್ಲಿ ಫಿಶ್," ಎಂದು ಅವಳು ಹೇಳಿದ್ದಕ್ಕೆ ಲೆಕ್ಕವಿಲ್ಲ. ಓನ್ಲಿ ಫಿಶ್ ಎಂಬುದು ನನಗೂ ಗೊತ್ತು. ಆದರೆ ಗಾಳಿಯಂತ್ರದ ಸದ್ದು ನಿಂತರೆ ತೊಟ್ಟಿಯ ತುಂಬ ಸಾವು ಎಂದು ನನ್ನ ಕಿವಿ ಕಲಿತುಬಿಟ್ಟಿದೆ. ಕಲಿತದ್ದನ್ನು ಮರೆಸುವುದು ಮೀನಿಗೂ ಕಷ್ಟ, ನಮಗೂ ಕಷ್ಟ.

ಜೆಬೆಲ್ ಅಲಿಯ ಒಂದು ಶೆಡ್ಡಿನಲ್ಲಿ ನಾನು ಮೀನಿನ ಮರಿಗಳನ್ನು ಸಾಕುವ ಕೆಲಸ ಮಾಡಿದವಳು. ಹೊರಗಿನಿಂದ ನೋಡಿದರೆ ಅದೂ ಒಂದು ಗೋದಾಮು. ಎಡಕ್ಕೆ ಟೈಲ್ಸಿನ ಗೋದಾಮು, ಬಲಕ್ಕೆ ಟಯರಿನದು, ನಡುವೆ ನಮ್ಮದು. ಒಳಗೆ ಸಾಲಾಗಿ ದುಂಡು ತೊಟ್ಟಿಗಳು, ಅರೆಬೆಳಕು, ಉಪ್ಪು ವಾಸನೆ, ನೀರಿಗೆ ಗಾಳಿ ಊದುತ್ತ ಗುಂಯ್ ಎನ್ನುವ ಗಾಳಿಯಂತ್ರ. ಊರಿನಲ್ಲಿ ಮೀನುಗಾರಿಕೆ ಓದಿ ಈ ಕಡೆ ಬರಬೇಕೆಂದಿರುವ ಮಕ್ಕಳು ಈಗಲೂ ನನಗೆ ಫೋನ್ ಮಾಡುತ್ತಾರೆ. ವೀಸಾ ಹೇಗೆ, ಇರಲಿಕ್ಕೆ ರೂಮು ಕೊಡುತ್ತಾರಾ, ಬಸ್ಸು ಉಂಟಾ ಎಂದು ಕೇಳುತ್ತಾರೆ. ಹೆದರಿಕೆ ಎಷ್ಟು ಇರುತ್ತದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅದನ್ನೇ ಬರೆಯೋಣ ಎಂದು ಕೂತಿದ್ದೇನೆ.

ನಮ್ಮ ಕೆಲಸ ಹೇಳಲಿಕ್ಕೆ ಸುಲಭ. ಮರಿಮೀನು ಮೊದಮೊದಲು ಅಲುಗುವುದನ್ನು ಮಾತ್ರ ತಿನ್ನುತ್ತದೆ. ಹುಳ, ಸಣ್ಣ ಸಿಗಡಿ, ಕೆಲವೊಮ್ಮೆ ಪಕ್ಕದ ತಮ್ಮನನ್ನೇ. ಇಲ್ಲಿಯವರು ಇಷ್ಟಪಟ್ಟು ತಿನ್ನುವ ಹಮೂರ್ ಮೀನಿನ ಮರಿಗಳಂತೂ ಒಂದರ ಬಾಯಲ್ಲಿ ಇನ್ನೊಂದು ಸಿಕ್ಕಿಕೊಂಡು ಎರಡೂ ಸತ್ತಿರುವುದನ್ನು ಬೆಳಿಗ್ಗೆ ಬೆಳಿಗ್ಗೆ ನೋಡಿದ್ದೇನೆ. ಇಂಥವಕ್ಕೆ ಅಲುಗದ, ಜೀವವಿಲ್ಲದ, ಕಾರ್ಖಾನೆಯಲ್ಲಿ ಮಾಡಿದ ಕಂದು ಬಣ್ಣದ ಒಣ ಕಾಳನ್ನು ತೋರಿಸಿ "ಇದು ಊಟ" ಎಂದು ನಂಬಿಸಬೇಕು. ನಂಬಿದರೆ ಬದುಕುತ್ತವೆ. ನಂಬದಿದ್ದರೆ ಕಣ್ಣೆದುರಿಗೇ ಊಟ ಬೀಳುತ್ತಿದ್ದರೂ ಹಸಿದು ಸಾಯುತ್ತವೆ.

ನಾನು ಸೇರಿದಾಗ ಇದ್ದ ಪದ್ಧತಿ ಬೇರೆ. ಹುಳ ಕೊಡುವುದನ್ನು ಒಮ್ಮೆಲೇ ನಿಲ್ಲಿಸಿ, ಹೊಟ್ಟೆ ಹಸಿದರೆ ತಾವಾಗಿ ಕಾಳಿಗೆ ಬಾಯಿ ಹಾಕುತ್ತವೆ ಎಂದು ಕಾಯುತ್ತಿದ್ದರು. ಕೆಲವು ಹಾಕುತ್ತಿದ್ದವು. ಉಳಿದವುಗಳ ತಲೆ ದೊಡ್ಡದಾಗಿ ಕಾಣಲು ಶುರುವಾಗುತ್ತಿತ್ತು. ತಲೆ ಬೆಳೆದದ್ದಲ್ಲ, ಹೊಟ್ಟೆ ಬತ್ತಿದ್ದು. ನನ್ನ ಮೊದಲ ಸೂಪರ್‌ವೈಸರ್ ಫಿಲಿಪ್ಪೀನಿನ ಒಬ್ಬ ಹೆಂಗಸು, ಅಷ್ಟಾಗಿ ಮಾತಾಡದವರು. ಒಂದು ದಿನ ನನ್ನ ಗಲ್ಲ ಹಿಡಿದು ತೊಟ್ಟಿಯ ಕಡೆ ತಿರುಗಿಸಿ, "ಬಾಯಿ ನೋಡಬೇಡ, ಹೊಟ್ಟೆ ನೋಡು," ಎಂದರು. ಬಾಯಿ ಆಡಿಸಿದ ಮೀನೆಲ್ಲ ತಿಂದ ಮೀನಲ್ಲ ಎಂದು ಅವರ ಅರ್ಥ. ಕ್ರಮೇಣ ಪದ್ಧತಿಯೂ ಬದಲಾಯಿತು. ಹುಳದ ಜೊತೆ ಕಾಳು, ಆಮೇಲೆ ಕಾಳಿನ ಜೊತೆ ಹುಳ, ಕೊನೆಗೆ ಬರೀ ಕಾಳು. ತಾಳ್ಮೆಯ ಕೆಲಸ. ಅಡಿಗೆಮನೆಯಲ್ಲಿ ಹಟಮಾರಿ ಮಗುವಿಗೆ ಅನ್ನದೊಳಗೆ ಸೊಪ್ಪು ಬಚ್ಚಿಟ್ಟು ಉಣಿಸುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ಮೀನಿಗೆ ತಿಂಡಿ ಹಾಕುವ ಕೆಲಸ ಅಬ್ದುಲ್ ರಝಾಕರದು. ಉಳ್ಳಾಲದ ಬ್ಯಾರಿ, ನನಗಿಂತ ದೊಡ್ಡವರು. ನಾನು ಕಾಪುವಿನ ಕಡೆಯವಳು. ನಾವಿಬ್ಬರೂ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಅವರನ್ನು ಬ್ಯಾರಿಗಳೇ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ದೊಡ್ಡವರು ಅಕ್ಕ ಎಂದು ಕರೆಯುವುದೇನು ಎಂದು ಒಮ್ಮೆ ಕೇಳಿದ್ದಕ್ಕೆ, "ಬೈಯುವವರೆಲ್ಲ ಅಕ್ಕಂದಿರೇ," ಎಂದರು.

ರಝಾಕ್ ಎಷ್ಟು ಪುಕ್ಕಲರು ಎಂದರೆ, ಮ್ಯಾನೇಜರರ ಕಾರು ಗೇಟಿಗೆ ಬಂದ ಸದ್ದು ಕೇಳಿದರೆ ಕೈಯಲ್ಲಿದ್ದ ಬಾಲ್ದಿಯನ್ನು ಕೆಳಗಿಟ್ಟು ಮತ್ತೆ ಎತ್ತಿಕೊಳ್ಳುತ್ತಿದ್ದರು. ಒಮ್ಮೆ ಗಾಳಿಯಂತ್ರ ನಿಂತೇಹೋಯಿತು. ಕರೆಂಟು ಹೋಗಿ ಜನರೇಟರ್ ಹಿಡಿಯಲಿಲ್ಲ. ಅಲ್ಲಿಯವರೆಗೆ ಆ ಗುಂಯ್ ಸದ್ದನ್ನು ನಾವು ಕೇಳಿಯೇ ಇರಲಿಲ್ಲ ಎನ್ನಬೇಕು, ಅದು ನಿಂತದ್ದೇ ಅಷ್ಟು ದೊಡ್ಡದಾಗಿ ಕೇಳಿತು. ನೀರಿನ ಮೇಲೆ ಗುಳ್ಳೆಗಳು ಒಂದೊಂದಾಗಿ ಒಡೆದವು, ಹೊಸವು ಬರಲಿಲ್ಲ. ಮರಿಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ನಾನು ನಿಂತಲ್ಲೇ ಕಲ್ಲಾದೆ. ರಝಾಕ್ ಮಾತ್ರ ಚೊಂಬು ತೆಗೆದುಕೊಂಡು ತೊಟ್ಟಿಯ ನೀರನ್ನೇ ಮೊಗೆದು ತಲೆಯೆತ್ತರದಿಂದ ಸುರಿಯಲು ಶುರುಮಾಡಿದರು.

"ಸುರೀರಿ ಅಕ್ಕ! ಮೇಲಿಂದ ಸುರೀರಿ! ನೀರಿಗೆ ಗಾಳಿ ತಾಗ್ಲಿ!"

ಸುರಿದೆವು. ಜನರೇಟರ್ ಹಿಡಿಯುವವರೆಗೆ ಇಬ್ಬರೂ ಮೊಗೆದು ಮೊಗೆದು ಸುರಿದೆವು. ಮರುದಿನ ಇಬ್ಬರಿಗೂ ಕೈ ಎತ್ತಲಾಗಲಿಲ್ಲ, ತಲೆ ಬಾಚಿಕೊಳ್ಳಲಿಕ್ಕೂ ಆಗಲಿಲ್ಲ. ಹೆದರುವವರು ಕೆಲಸಕ್ಕೆ ಬಾರದವರು ಎಂದು ಯಾರಾದರೂ ಹೇಳಿದರೆ ನನಗೆ ರಝಾಕ್ ನೆನಪಾಗುತ್ತಾರೆ. ಅವರಿಗೂ ಹೆದರಿಕೆಯಿತ್ತು, ಆದರೆ ಚೊಂಬು ನಿಂತಿರಲಿಲ್ಲ.

ಸನ್‌ಫಿಶ್ ಮರಿಗಳು ಬಂದದ್ದು ನನ್ನ ಕೊನೆಯ ವರ್ಷಗಳಲ್ಲಿ. ಅದು ಅಮೆರಿಕದ ಕೆರೆಗಳ ಮೀನು. ಅಂಗೈಯಗಲ, ಚಪ್ಪಟೆ, ಕಿವಿರಿನ ಹತ್ತಿರ ಕಾಡಿಗೆ ಬೊಟ್ಟಿಟ್ಟ ಹಾಗೆ ಒಂದು ಕಪ್ಪು ಚುಕ್ಕೆ, ದೊಡ್ಡದಾದ ಮೇಲೆ ಎದೆಯ ಹತ್ತಿರ ಕಿತ್ತಳೆ ಬಣ್ಣ. ನಮ್ಮ ಶೆಡ್ಡಿನ ಧಣಿಗೆ, ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದ ಹಿರಿಯರಿಗೆ, ಅದರ ಮೇಲೆ ಜೀವ. ಹರೆಯದಲ್ಲಿ ಅಮೆರಿಕದಲ್ಲಿ ಓದುವಾಗ ಅವರಿದ್ದ ಮನೆಯ ಹಿಂದೆ ಒಂದು ಕೆರೆ ಇತ್ತಂತೆ. ಊರಿನ ನೆನಪಾದಾಗಲೆಲ್ಲ ಹೋಗಿ ಆ ಮೀನುಗಳಿಗೆ ರೊಟ್ಟಿ ಚೂರು ಹಾಕುತ್ತಿದ್ದರಂತೆ. ಈಗ ಅಬುಧಾಬಿ ಕಡೆಯ ತಮ್ಮ ತೋಟದಲ್ಲಿ ಒಂದು ಕೆರೆ ತೋಡಿಸಿದ್ದರು. ಅದರಲ್ಲಿ ಅವೇ ಮೀನು ಬೇಕಿತ್ತು.

ಕೆರೆ ಹೊಸದು. ತಳದಲ್ಲಿ ಪ್ಲಾಸ್ಟಿಕ್ ಹಾಳೆ, ಮೇಲೆ ತಿಳಿನೀರು. ಹುಲ್ಲಿಲ್ಲ, ಹುಳವಿಲ್ಲ. ಅಲ್ಲಿ ಬಿಟ್ಟ ಮೀನು ಕಾಳು ತಿನ್ನಲು ಕಲಿತಿರಬೇಕು, ಇಲ್ಲದಿದ್ದರೆ ತಿನ್ನಲು ಏನೂ ಇಲ್ಲ. ಸೆಕೆಗಾಲ ಜೋರಾಗುವ ಮೊದಲೇ ಬಿಡಬೇಕು, ಆಮೇಲೆ ಲಾರಿಯಲ್ಲಿ ಸಾಗಿಸುವಾಗಲೇ ಬೆಂದುಹೋಗುತ್ತವೆ. ನಮಗಿದ್ದದ್ದು ಆ ನಡುವಿನ ಸಮಯ.

ಮ್ಯಾನೇಜರ್ ಪಾಟೀಲರು ಹುಬ್ಬಳ್ಳಿಯವರು. ಕೆಟ್ಟವರಲ್ಲ. ಅವರಿಗೂ ಮೇಲಿನವರ ಹೆದರಿಕೆ. ಮರಿಗಳ ಪೆಟ್ಟಿಗೆ ಬಂದ ದಿನವೇ ರಝಾಕರನ್ನು ಕರೆದು, "ನೋಡ್ರಿ ರಝಾಕ್ ಭಾಯ್, ಇವು ಅರ್ಬಾಬರ ಮಕ್ಕಳಿದ್ದಂಗ. ಇವು ಉಣ್ಣಲಿಲ್ಲಂದ್ರ ನಿಮ್ಮ ವೀಸಾ ಉಣ್ತಾವ," ಎಂದು ನಕ್ಕರು. ರಝಾಕ್ ನಗಲಿಲ್ಲ. ಅವರಿಗೆ ಅರವತ್ತು ಹತ್ತಿರ. ಈ ವಯಸ್ಸಿನಲ್ಲಿ ವೀಸಾ ಕ್ಯಾನ್ಸಲ್ ಆದರೆ ಇನ್ನೊಬ್ಬರು ಕರೆದು ಕೆಲಸ ಕೊಡುವುದಿಲ್ಲ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಪಾಟೀಲರದು ತಮಾಷೆ ಎಂದು ನಾನು ಸಮಾಧಾನ ಹೇಳಿದೆ. "ತಮಾಷೆ ಅಂತ ಅವರಿಗೆ ಗೊತ್ತುಂಟಾ ಅಕ್ಕ?" ಎಂದರು ರಝಾಕ್.

ಮರಿಗಳನ್ನು ಒಂದು ಸಣ್ಣ ತೊಟ್ಟಿಯಲ್ಲಿ ಒತ್ತೊತ್ತಾಗಿ ಇಟ್ಟೆವು. ಜಾಗ ಜಾಸ್ತಿ ಇದ್ದರೆ ಮೂಲೆ ಹಿಡಿದು ಕೂರುತ್ತವೆ. ಒತ್ತಿನಲ್ಲಿದ್ದರೆ ಪಕ್ಕದವನು ತಿಂದದ್ದು ಕಂಡು ತನಗೂ ಬೇಕೆನಿಸುತ್ತದೆ. ಮೊದಲು ಫ್ರೀಜರಿನ ಕೆಂಪು ಹುಳ, ನೀರಲ್ಲಿ ಬಿಡಿಸಿ. ಆಮೇಲೆ ಅದಕ್ಕೆ ಅರೆದ ಸಿಗಡಿ. ಆಮೇಲೆ ಸಿಗಡಿಯ ನೀರಿನಲ್ಲಿ ನೆನೆಸಿ ಮೆತ್ತಗಾದ ಕಾಳು. ಇದನ್ನೆಲ್ಲ ರಝಾಕ್ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರಿಗೈಯಿಂದ ಕಲಸುತ್ತಿದ್ದರು. ಬೆರಳಿಗೆ ಸಿಕ್ಕರೆ ಮಾತ್ರ ಗಂಟು ಒಡೆಯುತ್ತದೆ, ಚಮಚಕ್ಕೆ ಗೊತ್ತಾಗುವುದಿಲ್ಲ. ಕಲಸಿದ ಡಬ್ಬಿ ಫ್ರಿಜ್ಜಿನಲ್ಲಿರುತ್ತಿತ್ತು. ದಿನಕ್ಕೆ ಹಲವು ಸಲ ಚಿಟಿಕೆ ಚಿಟಿಕೆಯಾಗಿ ಉದುರಿಸುವುದು, ಉಳಿದದ್ದನ್ನು ಅಡಿಯಿಂದ ಪೈಪಿನಲ್ಲಿ ಎಳೆದು ತೆಗೆಯುವುದು. ಸಂಜೆ ಬೆಳಕು ಇಳಿಯುವ ಹೊತ್ತು ಎಲ್ಲಕ್ಕಿಂತ ಮುಖ್ಯ. ಆಗ ಅವುಗಳ ಧೈರ್ಯ ಹೆಚ್ಚು. ಒಂದು ಸಂಜೆ ಟಪ್ ಎಂದು ನೀರಿನ ಮೇಲೆ ಸದ್ದಾಯಿತು. ಹುಳವಲ್ಲ, ಕಾಳು. ಇನ್ನೊಂದು ಟಪ್. ರಝಾಕ್ ನನ್ನ ಮುಖ ನೋಡಿದರು. ನಾನು ಮೀನಿನ ಹೊಟ್ಟೆ ನೋಡುತ್ತಿದ್ದೆ. ದುಂಡಗಿತ್ತು.

ಸುದ್ದಿ ಅರ್ಬಾಬರಿಗೆ ಹೋಯಿತು. ಅದು ಈದ್ ಸಮಯ. ಕಾಲು ಮುಟ್ಟುವ ಬಿಳಿ ನಿಲುವಂಗಿ, ಕಂದೂರ ತೊಟ್ಟು, ಮನೆಗೆ ಬಂದ ಅತಿಥಿಗಳನ್ನೂ ಕರೆದುಕೊಂಡು ಸಂಜೆ ಶೆಡ್ಡಿಗೆ ಬಂದರು. ಒಳ್ಳೆಯ ಮನುಷ್ಯರು. ಬಂದವರೇ ಜೇಬಿನಿಂದ ಊದ್ ಅತ್ತರಿನ ಸಣ್ಣ ಸೀಸೆ ತೆಗೆದು, ಈದ್ ಮುಬಾರಕ್ ಎನ್ನುತ್ತ ರಝಾಕರ ಕೈ ಹಿಡಿದು ಮುಂಗೈಗೆ, ಮಣಿಕಟ್ಟಿಗೆ ತಾವೇ ಸವರಿದರು. ಪಾಟೀಲರಿಗೂ ಸವರಿದರು. ನನಗೆ ಸೀಸೆಯನ್ನೇ ಕೈಗೆ ಕೊಟ್ಟರು. ಇಲ್ಲಿ ಅದು ದೊಡ್ಡ ಮರ್ಯಾದೆ. ಬೇಡ ಎನ್ನುವಂತಿಲ್ಲ, ಅವರ ಎದುರಿಗೆ ತೊಳೆದುಕೊಳ್ಳುವಂತೆಯೂ ಇಲ್ಲ. ರಝಾಕ್ ಆ ಕೈಯನ್ನು ಮೂಗಿಗೆ ಹಿಡಿದುಹಿಡಿದು ಸಂತೋಷಪಟ್ಟರು.

ಅರ್ಬಾಬರು ಡಬ್ಬಿಗೆ ಕೈ ಹಾಕಿ ಕಾಳು ತೆಗೆದು ಉದುರಿಸಿದರು. ಮರಿಗಳು ಮೇಲೆದ್ದವು. ಅವರ ಮುಖ ಮಗುವಿನ ಹಾಗಾಯಿತು. ಮರುದಿನವೂ ಬಂದರು. ರಜೆ ಮುಗಿದ ಮೇಲೂ ಸಂಜೆ ಸಂಜೆ ಬರುವುದು ರೂಢಿಯಾಯಿತು. ಬಂದಾಗಲೆಲ್ಲ ಒಂದು ಸೀಸೆ, ಒಂದು ಸವರು, ಡಬ್ಬಿಗೆ ಒಂದು ಹಿಡಿ. ಅವರಿಗಾಗಿ ಪಾಟೀಲರು ಬಾಗಿಲ ಬಳಿ ಧೂಪದ ಚೂರು ಸುಡುವ ವ್ಯವಸ್ಥೆಯನ್ನೂ ಮಾಡಿದರು.

ಮರಿಗಳು ಉಗುಳಲು ಶುರುಮಾಡಿದ್ದು ಆಮೇಲೆ. ಕಾಳು ಬಿದ್ದಾಗ ಬರುತ್ತಿದ್ದವು, ಬಾಯಿಗೆ ತೆಗೆದುಕೊಳ್ಳುತ್ತಿದ್ದವು, ಒಂದು ಗಳಿಗೆ ಇಟ್ಟುಕೊಂಡು ತುಪ್ ಎಂದು ಉಗುಳುತ್ತಿದ್ದವು. ಉಗುಳಿದ ಕಾಳನ್ನು ಹಿಂದಿನದು ಹಿಡಿಯುತ್ತಿತ್ತು, ಅದೂ ಉಗುಳುತ್ತಿತ್ತು. ಹಾಗೆ ಒಂದೇ ಕಾಳು ಬಾಯಿಂದ ಬಾಯಿಗೆ ಹೋಗಿ ಕೊನೆಗೆ ತಳಕ್ಕೆ ಬೀಳುತ್ತಿತ್ತು. ಕೆಲವು ದಿನಗಳಲ್ಲಿ ಕಾಳು ಬಿದ್ದರೆ ಬರುವುದನ್ನೇ ಬಿಟ್ಟವು. ಕಂದು ಬಣ್ಣ ಕಂಡರೆ ಹಿಂದಕ್ಕೆ ಸರಿಯುತ್ತಿದ್ದವು. ನಾವು ಕಲಿಸಿದ್ದು ತಿರುಗಿ ನಿಂತಿತ್ತು. ಇನ್ನೂ ಕೆಲವು ದಿನ ಕಳೆದವು. ತಲೆಗಳು ದೊಡ್ಡದಾಗಿ ಕಾಣತೊಡಗಿದವು.

ನೀರು ಪರೀಕ್ಷೆ ಮಾಡಿದೆವು, ಸರಿಯಿತ್ತು. ರೋಗ ಇರಬಹುದೆಂದು ಕಿವಿರು ಎತ್ತಿ ನೋಡಿದೆವು, ಕೆಂಪಗಿತ್ತು. ಸತ್ತವನ್ನು ಬೆಳಿಗ್ಗೆ ಬಲೆಯಲ್ಲಿ ಎತ್ತುವಾಗ ರಝಾಕ್ ಲೆಕ್ಕ ಹೇಳುವುದನ್ನು ನಿಲ್ಲಿಸಿದ್ದರು. ಊಟದ ಡಬ್ಬಿ ತೆರೆಯುತ್ತಿದ್ದರು, ಹಾಗೇ ಮುಚ್ಚುತ್ತಿದ್ದರು.

"ತಿನ್ನಿ ಬ್ಯಾರಿಗಳೇ, ನೀವೂ ಅವುಗಳ ಹಾಗೆ ಮಾಡ್ಬೇಡಿ," ಎಂದೆ.

"ನನಗೆ ಗಂಟಲಲ್ಲಿ ಇಳಿಯುದಿಲ್ಲ ಅಕ್ಕ. ಪಾಟೀಲ್ ಸಾಹೇಬ್ರು ನಿನ್ನೆ ಪಾಸ್‌ಪೋರ್ಟ್ ಕಾಪಿ ಕೇಳಿದ್ರು. ವೀಸಾ ಕ್ಯಾನ್ಸಲ್ ಮಾಡ್ಲಿಕ್ಕಾ ಅಂತ ಕೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

ನಾನು ಪಾಟೀಲರ ಕೋಣೆಗೆ ಹೋದೆ. ಅವರು ಕುರ್ಚಿಯಲ್ಲಿ ಕೂರಲಾರದೆ ಓಡಾಡುತ್ತಿದ್ದರು. "ಏನ್ ಮಾಡ್ಲಿರೀ ಮೇಡಂ? ಅರ್ಬಾಬ್ರು ಕೇಳಿದ್ರ ಯಾರ ಹೆಸರು ಹೇಳ್ಲಿ? ಉಣಸೋ ಮನುಷ್ಯಾ ಅವನ ಅದಾನ. ಮುಂದಿನ ವಾರದೊಳಗ ಇವು ತಿನ್ನಲಿಲ್ಲ ಅಂದ್ರ ಅವನನ್ನ ಕಳಸೂದು. ಇಲ್ಲಂದ್ರ ನನ್ನ ಕಳಸ್ತಾರ."

ಅಂದು ಮಧ್ಯಾಹ್ನ ನಾನು ಇಕ್ಕಳದಲ್ಲಿ ಒಂದು ಹುಳ ಹಿಡಿದು ತೊಟ್ಟಿಗೆ ಇಳಿಸಿದೆ. ಒಂದು ಮರಿ ಬಂದು ಎಳೆದುಕೊಂಡು ನುಂಗಿತು. ಹಾಗಾದರೆ ಹಸಿವು ಇದೆ. ರಝಾಕರಿಗೆ ಅದೇ ಫ್ರೀಜರಿನ ಹುಳ ಕೊಟ್ಟು, "ನೀವು ಬೆರಳಲ್ಲಿ ಕೊಡಿ," ಎಂದೆ. ಮರಿ ಬಂದಿತು, ಹಿಡಿಯಿತು, ಉಗುಳಿತು. ಹುಳವನ್ನೇ ಉಗುಳಿತು.

ರಝಾಕ್ ತಮ್ಮ ಬೆರಳುಗಳನ್ನು ನೋಡಿಕೊಂಡರು, ಅವೇನೋ ಬೇರೆಯವರವು ಎನ್ನುವ ಹಾಗೆ. "ನನ್ನ ಕೈಯಲ್ಲಿ ಎಂತ ಉಂಟು ಅಕ್ಕ?" ಎಂದು ಕೇಳಿದಾಗ ಅವರ ದನಿ ಸಣ್ಣಗಾಗಿತ್ತು. ಮೂಸಿದೆ. ನನಗೆ ಏನೂ ವಾಸನೆ ಬರಲಿಲ್ಲ. ಡಬ್ಬಿ ಮೂಸಿದೆ, ಸಿಗಡಿ ಬಿಟ್ಟರೆ ಏನೂ ಇಲ್ಲ. ಏನೋ ಅನುಮಾನ ಬಂದು ಡಬ್ಬಿಯನ್ನು ಎತ್ತಿಕೊಂಡು ಶೆಡ್ಡಿನ ಹೊರಗೆ ಹೋದೆ. ಬಿಸಿಲಿಗೆ ಕಣ್ಣು ಕುಕ್ಕಿತು. ಟಯರ್ ಗೋದಾಮಿನ ನೆರಳಿನಲ್ಲಿ ಡಬ್ಬಿ ಮುಚ್ಚಿಟ್ಟು, ರಬ್ಬರಿನ ವಾಸನೆ ಕುಡಿಯುತ್ತ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಮುಚ್ಚಳ ತೆಗೆದೆ.

ಊದ್. ಸಿಗಡಿಯ ಮೇಲೆ, ಕಾಳಿನ ಮೇಲೆ, ಪ್ಲಾಸ್ಟಿಕ್ಕಿನ ಒಳಗೆಲ್ಲ ಊದ್. ಮದುವೆಮನೆಯ ಬಾಗಿಲು ತೆರೆದ ಹಾಗೆ ಮುಖಕ್ಕೆ ಹೊಡೆಯಿತು. ಶೆಡ್ಡಿನೊಳಗೆ ದಿನವೂ ಅದನ್ನೇ ಉಸಿರಾಡಿ ನಮಗೆ ಅದು ಇಲ್ಲವಾಗಿತ್ತು. ಮೀನಿಗೆ ಇಲ್ಲವಾಗಿರಲಿಲ್ಲ.

ಡಬ್ಬಿ ಎಸೆದೆವು. ಹೊಸ ಚೀಲ ಒಡೆದೆವು. ರಝಾಕ್ ಮಣಿಕಟ್ಟಿನವರೆಗೆ ಸಾಬೂನು ಹಚ್ಚಿ ಚರ್ಮ ಕೆಂಪಾಗುವವರೆಗೆ ಉಜ್ಜಿಕೊಂಡು, ಮೇಲೆ ಗ್ಲೌಸ್ ಹಾಕಿದರು. ಮತ್ತೆ ಮೊದಲಿನಿಂದ ಹುಳದ ಜೊತೆ ಕಾಳು. ಬೆಳಗಿನ ಹೊತ್ತು ಒಂದೆರಡು ಮರಿ ಧೈರ್ಯ ಮಾಡಿದವು. ಆದರೆ ಸಂಜೆ ಅರ್ಬಾಬರು ಬರುತ್ತಾರಲ್ಲ. ಬಂದರು, ಹಿಡಿ ತುಂಬ ಉದುರಿಸಿದರು, ಬೆಳಿಗ್ಗೆ ಬಂದ ಮರಿಗಳೂ ಉಗುಳಿ ಓಡಿದವು.

ಮರುದಿನ ರಝಾಕ್ ಉಪಾಯ ಮಾಡಿ ಉದ್ದ ಹಿಡಿಯ ಹೊಸ ಸೌಟು ತಂದರು. "ಅರ್ಬಾಬ್, ಇದರಲ್ಲಿ ಹಾಕಿದ್ರೆ ಕೈ ಗಲೀಜಾಗುದಿಲ್ಲ," ಎಂದು ಹಿಂದಿಯಲ್ಲಿ ವಿನಯದಿಂದ ಕೊಟ್ಟರು. ಅರ್ಬಾಬರು ಅದನ್ನು ತಿರುಗಿಸಿ ನೋಡಿ ನಕ್ಕು ಪಕ್ಕಕ್ಕಿಟ್ಟರು. "ಮಕ್ಕಳಿಗೆ ಸೌಟಿನಲ್ಲಿ ಉಣಿಸುತ್ತಾರಾ ಹಬೀಬಿ?" ಎಂದು ಡಬ್ಬಿಗೆ ಕೈ ಹಾಕಿದರು.

"ನಾನು ಹೇಳಿಬಿಡುತ್ತೇನೆ," ಎಂದು ಪಾಟೀಲರಿಗೆ ಹೇಳಿದೆ.

"ಏನಂತ ಹೇಳ್ತೀರಿ? ನಿಮ್ಮ ಕೈ ನಾರ್ತೈತಿ ಅಂತನಾ? ಈದ್ ದಿವಸ ಮರ್ಯಾದಿ ಮಾಡಿ ಅತ್ತರ ಹಚ್ಚಿದವರಿಗೆ? ಮೇಡಂ, ಕೈ ಮುಗೀತೀನಿ. ಮೀನ ಸತ್ರ ಸಾಯ್ಲಿ."

ಸಾಯುವುದು ಮೀನು ಮಾತ್ರವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ರಝಾಕ್ ಅವತ್ತು ಬಸ್ಸಿನಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತ, "ಊರಿಗೆ ಹೋದ್ರೆ ಎಂತ ಮಾಡುದು ಅಂತ ಯೋಚನೆ ಮಾಡ್ತಾ ಇದ್ದೇನೆ. ಮೀನಿಗೆ ತಿಂಡಿ ಹಾಕುದು ಬಿಟ್ಟು ಬೇರೆ ಎಂತದೂ ಬರುದಿಲ್ಲ ನನಗೆ. ಅಲ್ಲಿ ಮೀನು ಹಿಡಿತಾರೆ, ತಿಂಡಿ ಯಾರೂ ಹಾಕುದಿಲ್ಲ," ಎಂದರು. ನಗಿಸಲಿಕ್ಕೆ ಹೇಳಿದ್ದು. ನಗು ಬರಲಿಲ್ಲ.

ಮರುಸಂಜೆ ಅರ್ಬಾಬರು ಒಬ್ಬರೇ ಬಂದರು. ಸೀಸೆ ಹೊರಗೆ ತೆಗೆದರು. ನಾನು ತೊಟ್ಟಿಯ ಬಳಿಯಿಂದ ಅವರ ಎದುರಿಗೆ ಬಂದು ನಿಂತೆ. ಪಾಟೀಲರು ನನ್ನ ಮುಖ ನೋಡಿದವರೇ ಯಾರೋ ಕರೆದಂತೆ ತಮ್ಮ ಕೋಣೆಯ ಕಡೆ ಹೋದರು.

"ಅರ್ಬಾಬ್," ಎಂದೆ ಹಿಂದಿಯಲ್ಲಿ, "ಈ ಮೀನುಗಳಿಗೆ ಅತ್ತರ್ ಸೇರುವುದಿಲ್ಲ. ಕೈಯಲ್ಲಿ ಇದ್ದರೆ ಕಾಳಿಗೆ ಹತ್ತುತ್ತದೆ. ಬಾಯಿಗೆ ತೆಗೆದುಕೊಂಡು ಉಗುಳುತ್ತವೆ. ಅದಕ್ಕೇ ಸಾಯುತ್ತಿವೆ."

ಅವರು ಸೀಸೆಯ ಮುಚ್ಚಳ ತಿರುಗಿಸುತ್ತಿದ್ದವರು ನಿಲ್ಲಿಸಿದರು. "ಯಾರ ಕೈಯಲ್ಲಿ?"

ರಝಾಕ್ ಬಾಯಿ ತೆರೆದರು. "ನನ್ನ ಕೈ..." ಎಂದು ಶುರುಮಾಡಿದರು. ಅವರು ತಪ್ಪನ್ನು ತಮ್ಮ ಮೇಲೆ ಎಳೆದುಕೊಳ್ಳುವ ಮೊದಲು ನಾನು, "ಎಲ್ಲರ ಕೈಯಲ್ಲೂ. ನಿಮ್ಮ ಕೈಯಲ್ಲೂ," ಎಂದೆ.

ಅರ್ಬಾಬರು ತಮ್ಮ ಅಂಗೈಯನ್ನು ನೋಡಿದರು, ತೊಟ್ಟಿಯನ್ನು ನೋಡಿದರು. ಒಂದು ಮರಿ ಗೋಡೆಗೆ ತಾಗಿಕೊಂಡು ನಿಂತಿತ್ತು, ತಲೆಯೇ ಮೀನು ಎನ್ನುವ ಹಾಗೆ. ಅವರು ಕೋಪಿಸಿಕೊಳ್ಳುತ್ತಾರೆ ಎಂದು ನಾನು ಕಾದೆ. ಅವರು ಕೇಳಿದ್ದು ಬೇರೆ.

"ಇದು ನಿಮಗೆ ಯಾವತ್ತು ಗೊತ್ತಾಯಿತು?"

"ಮೂರು ದಿನವಾಯಿತು."

"ಇವು ಯಾಕೆ ಹಸಿದಿವೆ ಎಂದು ಮೂರು ದಿನದಿಂದ ನಿಮಗೆ ಗೊತ್ತು. ನಾನು ದಿನಾ ಬಂದು ಹೋಗಿದ್ದೇನೆ. ನನಗೆ ಒಂದು ಮಾತು ಹೇಳಲಿಕ್ಕೆ ನಿಮಗೆ ಇಷ್ಟು ಹೆದರಿಕೆಯಾ?"

ಹೌದು ಎನ್ನಲು ಹೆದರಿಕೆ, ಅಲ್ಲ ಎಂದರೆ ಸುಳ್ಳು. ಅವರು ಸೀಸೆಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಆಮೇಲಿನ ದಿನಗಳಷ್ಟು ಹೆದರಿಕೆ ನನ್ನ ಕೆಲಸದಲ್ಲಿ ಮತ್ತೆ ಯಾವತ್ತೂ ಆಗಿಲ್ಲ. ಅರ್ಬಾಬರು ಬರಲಿಲ್ಲ. ಫೋನೂ ಇಲ್ಲ. ಸಂಜೆಯಾದರೆ ಬಾಗಿಲ ಕಡೆ ನೋಡುವುದು, ಯಾರೂ ಇಲ್ಲದಿದ್ದರೆ ಇನ್ನೂ ಭಯ. ಪಾಟೀಲರು ನನ್ನ ಪಾಸ್‌ಪೋರ್ಟಿನ ಕಾಪಿಯನ್ನೂ ಕೇಳಿದರು, ಕಣ್ಣು ತಪ್ಪಿಸಿ. ಬಾಗಿಲ ಬಳಿಯ ಧೂಪವನ್ನು ತೆಗೆಸಿದರು, ಶೆಡ್ಡಿನ ಫ್ಯಾನುಗಳನ್ನೆಲ್ಲ ಹಾಕಿಸಿದರು. ನಾವು ಮಾತ್ರ ಮಾಡಬೇಕಾದ್ದನ್ನು ಮಾಡಿದೆವು. ಇಕ್ಕಳದಲ್ಲಿ ಹುಳ, ಹುಳದ ಜೊತೆ ಕಾಳು. ಕಂದು ಬಣ್ಣಕ್ಕೆ ಹೆದರಿದ್ದ ಮರಿಗಳು ಮೊದಲು ಹುಳವನ್ನಷ್ಟೇ ಹೆಕ್ಕಿ ಕಾಳನ್ನು ಬಿಟ್ಟವು. ಆಮೇಲೆ ಹುಳಕ್ಕೆ ಅಂಟಿದ ಕಾಳು ಬಾಯಿಗೆ ಹೋಯಿತು. ನಾವು ಉಸಿರು ಹಿಡಿದು ತುಪ್ ಎನ್ನುವುದನ್ನೇ ಕಾದೆವು. ಅದು ಕೆಲವು ಸಲ ಬಂತು, ಕೆಲವು ಸಲ ಬರಲಿಲ್ಲ. ಬರದಿದ್ದಾಗ ರಝಾಕ್ ನನ್ನ ತೋಳು ಚಿವುಟುತ್ತಿದ್ದರು, ಮಾತಾಡಿದರೆ ಮೀನಿಗೆ ಕೇಳುತ್ತದೆ ಎನ್ನುವ ಹಾಗೆ.

ಹೊಸದಾಗಿ ಈ ಕೆಲಸಕ್ಕೆ ಬರುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಕಲಿಯದ ಮೀನಿಗೆ ಕಲಿಸುವುದಕ್ಕಿಂತ, ಒಮ್ಮೆ ಕಹಿಯಾದ ಮೀನಿಗೆ ಮತ್ತೆ ನಂಬಿಸುವುದು ಬಹಳ ನಿಧಾನ. ಅವಸರ ಮಾಡಿ ಒಂದು ಚಿಟಿಕೆ ಜಾಸ್ತಿ ಹಾಕಿದರೂ ಹಿಂದಕ್ಕೆ ಹೋಗುತ್ತವೆ. ಆ ದಿನಗಳಲ್ಲಿ ನಾನು ಮನೆಯಲ್ಲಿ ಪೌಡರ್ ಹಾಕುವುದನ್ನೂ ತಲೆಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟೆ. ಮಲ್ಲಿಗೆ ತಂದ ಯಜಮಾನರು ಅದನ್ನು ದೇವರ ಪಟಕ್ಕೆ ಹಾಕಬೇಕಾಯಿತು.

ಅರ್ಬಾಬರು ಬಂದದ್ದು ನಾವು ಬಾಗಿಲು ನೋಡುವುದನ್ನು ಬಿಟ್ಟ ಮೇಲೆ. ಬೆಳಕು ಇಳಿಯುತ್ತಿತ್ತು. ರಝಾಕ್ ಚಿಟಿಕೆ ತೆಗೆದು ನೀರಿನ ಮೇಲೆ ಹಿಡಿದಿದ್ದರು. ಬಾಗಿಲಲ್ಲಿ ಬಿಳಿ ಬಟ್ಟೆ ಕಂಡು ಅವರ ಕೈ ಅಲ್ಲೇ ನಿಂತಿತು. ಪಾಟೀಲರು ಎಲ್ಲಿಂದಲೋ ಓಡಿಬಂದರು.

ಅರ್ಬಾಬರು ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು, ಎರಡೂ ಅಂಗೈಗಳನ್ನು ಮುಂದೆ ಚಾಚಿ ತೋರಿಸಿದರು. ಶಾಲೆಯಲ್ಲಿ ಉಗುರು ತೋರಿಸುವ ಹುಡುಗರ ಹಾಗೆ.

"ರಝಾಕ್," ಎಂದರು, "ತೊಳೆದಿದ್ದೇನೆ. ನಿಂಬೆ ಹಾಕಿಯೂ ತೊಳೆದಿದ್ದೇನೆ. ಮೂಸಿ ನೋಡು. ಒಳಗೆ ಬರಬಹುದಾ?"

ರಝಾಕ್ ನನ್ನ ಕಡೆ ನೋಡಿದರು. ಅವರು ಗ್ಲೌಸ್ ತೆಗೆದು, ನಡೆದುಹೋಗಿ, ಧಣಿಯ ಅಂಗೈಯ ಮೇಲೆ ಬಗ್ಗಿದರು. ಮೂಸಿದರು. ಮಣಿಕಟ್ಟಿನ ಹತ್ತಿರ ಇನ್ನೊಮ್ಮೆ ಮೂಸಿದರು. ಪಾಟೀಲರು ಅರ್ಬಾಬರ ಬೆನ್ನ ಹಿಂದಿನಿಂದ 'ಸರಿ ಅನ್ನು, ಸರಿ ಅನ್ನು' ಎಂದು ತಲೆ ಆಡಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು.

ರಝಾಕ್ ನೆಟ್ಟಗಾದರು.

"ಒಳಗೆ ಬನ್ನಿ ಅರ್ಬಾಬ್. ತಿಂಡಿ ಮಾಫಿ," ಎಂದರು. ಇಲ್ಲಿಯ ಅರಬಿಯಲ್ಲಿ ಮಾಫಿ ಎಂದರೆ 'ಇಲ್ಲ', ತಿಂಡಿ ಹಾಕುವಂತಿಲ್ಲ. "ವಾಸನೆ ಇನ್ನೂ ಉಂಟು. ತೋಳಿನ ಬಟ್ಟೆಯಲ್ಲಿ."

ಪಾಟೀಲರು ಕಣ್ಣು ಮುಚ್ಚಿಕೊಂಡರು. ಅರ್ಬಾಬರು ತಮ್ಮ ತೋಳನ್ನು ಮೂಗಿಗೆ ಹಿಡಿದು ನೋಡಿದರು. "ಖಲಾಸ್, ಆಯಿತು," ಎಂದರು. ಕಂದೂರದ ತೋಳುಗಳನ್ನು ಮೊಣಕೈಯವರೆಗೆ ಮಡಚಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ತೊಟ್ಟಿಯ ಬಳಿ ಬಂದು ನಿಂತರು. "ಯಲ್ಲಾ, ಶುರುಮಾಡು. ನೀನು ಹಾಕು. ನಾನು ನೋಡುತ್ತೇನೆ."

ರಝಾಕ್ ಮತ್ತೆ ಗ್ಲೌಸ್ ತೊಟ್ಟು ಕಾಳು ಹಾಕಿದರು. ಮೊದಲ ಕಾಳು ಯಾರೂ ಮುಟ್ಟದೆ ಮುಳುಗಿತು. ಎರಡನೆಯದಕ್ಕೆ ಒಂದು ಮರಿ ಬಂದು, ತಿರುಗಿ ಹೋಯಿತು. ಮೂರನೆಯದನ್ನು ಬಾಯಿಗೆ ತೆಗೆದುಕೊಂಡಿತು. ನಾಲ್ಕು ಜನ ಬಗ್ಗಿ ಆ ಒಂದು ಮೀನಿನ ಗಲ್ಲ ಆಡುವುದನ್ನು ನೋಡಿದೆವು. ಗಾಳಿಯಂತ್ರದ ಸದ್ದು ಬಿಟ್ಟರೆ ಶೆಡ್ಡಿನಲ್ಲಿ ಏನೂ ಇಲ್ಲ. ಅದು ಉಗುಳಲಿಲ್ಲ. ಹಿಂದಿನಿಂದ ಇನ್ನೊಂದು ಟಪ್ ಎಂದಿತು, ಮತ್ತೊಂದು ಟಪ್.

ಅರ್ಬಾಬರು ಕತ್ತಲಾಗುವವರೆಗೆ ಕೈ ಹಿಂದಿನಿಂದ ತೆಗೆಯಲಿಲ್ಲ. ಹೊರಡುವಾಗ ಪಾಟೀಲರ ಕಡೆ ತಿರುಗಿ, ಈ ಮೀನು ಕೆರೆಗೆ ಹೋಗುವಾಗ ರಝಾಕನೂ ಜೊತೆಗೆ ಬರಲಿ, ಅಲ್ಲಿಯೂ ಅವನೇ ಹಾಕಲಿ ಎಂದರು. ಪಾಟೀಲರು ಎರಡು ಪಾಸ್‌ಪೋರ್ಟ್ ಕಾಪಿಗಳನ್ನೂ ನಮಗೆ ಹಿಂದಕ್ಕೆ ಕೊಟ್ಟರು. "ಏನೂ ಇಲ್ರಿ, ಫೈಲ್ ಸಲುವಾಗಿ ಕೇಳಿದ್ದೆ," ಎಂದರು.

ಬಸ್ಸು ಗೇಟಿನಲ್ಲಿ ನಿಂತಿತ್ತು. ನಾನು ಹತ್ತಿದೆ. ರಝಾಕ್ ಮೆಟ್ಟಿಲಿಗೆ ಕಾಲಿಡಲು ಹೋದವರು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಎಂತಾಯ್ತು ಬ್ಯಾರಿಗಳೇ?"

"ಅಕ್ಕ, ನಾನು ಅವರಿಗೆ ಮಾಫಿ ಅಂದೆನಾ?"

"ಅಂದಿರಿ."

"ಅವರ ಮುಖಕ್ಕೇ ಹೇಳಿದೆನಾ?"

"ಮುಖಕ್ಕೇ."

"ಯಾ ಅಲ್ಲಾಹ್," ಎಂದು ಎರಡೂ ಮೊಣಕಾಲುಗಳನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡರು. ಅವು ಬಟ್ಟೆಯೊಳಗೆ ಥರಥರ ಆಡುತ್ತಿದ್ದದ್ದು ಬಸ್ಸಿನ ದೀಪದಲ್ಲಿ ಕಾಣುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದ. ನಾನು ಕೆಳಗಿಳಿದು ಪಕ್ಕದಲ್ಲಿ ಕೂತೆ. "ಸ್ವಲ್ಪ ನಿಲ್ಲಪ್ಪ, ಅವರ ಕಾಲು ಸರಿಯಾಗಲಿ," ಎಂದೆ.